ಸವತಿಗೆ ಸೋಮವಾರದ ಸೂಟಿ

ಸಂಪಗಾಂವದ ಗುರವ್ವನಿಗೊಬ್ಬ ಸವತಿ ಇದ್ದಳು. ನಾಲ್ಕು ಗಾಲಿ, ಎರಡು ಮಂಚ, ಒಂದು ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ. ಹೌದು, ವ್ಯಾನು. ಯಾರದೋ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದ್ದನ್ನು ಗಂಡ ಸೋಮಪ್ಪ ತಂದು, ಒಳಗೆ ಮಲಗುವ ಮನೆ ಮಾಡಿಸಿ, ಗೆಳೆಯರ ಜೊತೆ ಊರೂರು ತಿರುಗುತ್ತಿದ್ದ. ರೊಟ್ಟಿ ಕಟ್ಟಿಕೊಡುವುದಷ್ಟೇ ಗುರವ್ವನ ಪಾಲು.

ತಿರುಗಲಿ ಬಿಡಿ. ಆದರೆ ಬೆಳಗಾದರೆ ಸಾಕು, ವ್ಯಾನಿನ ಮೂತಿ ಸವರಿ, "ಏನ, ಆರಾಮ ಅದಿ ಇಲ್ಲ?" ಎಂದು ಕೇಳುತ್ತಿದ್ದ. ಇಷ್ಟು ವರ್ಷ ಜೊತೆಗಿದ್ದವಳನ್ನು ಒಂದು ದಿನ ಹಾಗೆ ಕೇಳಿದ್ದನೇ? ಗಾಜು ಒರೆಸಲು ಅವಳ ತವರಿನ ಇಳಕಲ್ ಸೀರೆಯ ಸೆರಗನ್ನೇ ಹರಿದುಕೊಂಡಿದ್ದ. "ಹಳೇದಾಗಿತ್ತಲ್ಲ" ಅಂದ. ಅಯ್ಯ! ಸೀರೆ ಹಳೆಯದಾದರೆ ಹರಿಯುವುದು, ವ್ಯಾನು ಹಳೆಯದಾದರೆ ಮುದ್ದು ಮಾಡುವುದು. ಇದ್ಯಾವ ನ್ಯಾಯ ನೀವೇ ಹೇಳಿ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಸೋಮವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆತನ ಅವರದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಆ ಮರ್ಯಾದೆಯನ್ನು ಸೋಮಪ್ಪ ವ್ಯಾನಿಗೆ ಕೊಟ್ಟಿದ್ದ. ಅಂದು ವ್ಯಾನಿಗೆ ಸೂಟಿ, ಪೂರಾ ರಜೆ; ಕೀಲಿ ಮುಟ್ಟುತ್ತಿರಲಿಲ್ಲ. ವಿಭೂತಿ ಹಚ್ಚಿ ಅಂಗಳದ ಬೇವಿನ ನೆರಳಲ್ಲಿ ಬಿಡುತ್ತಿದ್ದ. ಗುರವ್ವ ಅಂದೂ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಂಗಳವಾರ ಬೆಳಗ್ಗೆ ಚಾಲೂ ಮಾಡಿದೊಡನೆ ಆ ಮೂಳ ಗಾಡಿ ಅವಳ ಹೊಸ ರಂಗೋಲಿಯ ಮೇಲೆ ಬುಸ್ಸೆಂದು ನೀಲಿ ಹೊಗೆ ಬಿಡುತ್ತಿತ್ತು. ಉಳಿದ ದಿನ ಹೊಗೆಯೇ ಇಲ್ಲ.

ಎಂಜಿನ್ನಿನ ಆಯಿಲ್ ಬೇಗ ಬೇಗ ಕಡಿಮೆಯಾಗತೊಡಗಿತು. ಸೋಮಪ್ಪ ಗಾಬರಿಯಾಗಿ ವ್ಯಾನನ್ನು ಬೈಲಹೊಂಗಲದ ಮೇಸ್ತ್ರಿ ರಾಯಪ್ಪನ ಗ್ಯಾರೇಜಿಗೆ ಒಯ್ದ. ಸಂತೆ ಇದ್ದುದರಿಂದ ಗುರವ್ವನೂ ಹೋಗಿದ್ದಳು.

"ಹೊಗಿ ಯಾವಾಗ ಬರತೈತ್ರಿ?" ರಾಯಪ್ಪ ಕೇಳಿದ. "ಚಾಲೂ ಮಾಡಿದಾಗಷ್ಟನೋ, ಏರ ಹತ್ತುವಾಗನೂ ಬರತೈತೋ?"

"ನಾ ಮುಂದ ಕುಂತಿರತೇನಿ, ಹಿಂದಿನ ಹೊಗಿ ನನಗೇನ ಕಾಣತೈತಿ? ಇಕಿನ್ನ ಕೇಳಪಾ," ಅಂದ ಸೋಮಪ್ಪ.

ಇಬ್ಬರೂ ಅವಳತ್ತ ತಿರುಗಿದರು. ಗುರವ್ವ ಕಣ್ಣು ಮಿಟುಕಿಸಲಿಲ್ಲ.

"ದಿನಾ ಬರತೈತ್ರಿ. ನಮ್ಮ ಮನೀ ಮುಂದಿನ ಏರ ಹತ್ತುವಾಗಂತೂ ಓಣಿನ ಕಾಣೂದಿಲ್ಲ."

ರಾಯಪ್ಪ ತಲೆಯಾಡಿಸಿದ. "ಹಂಗಾದ್ರ ರಿಂಗ್, ಪಿಸ್ಟನ್ ಎಲ್ಲಾ ಸವದಾವ್ರಿ. ಈ ಎಂಜಿನ್ನಿನ ಸಾಮಾನ ಈಗ ಸಿಗೂದಿಲ್ಲ. ಯಾರಿಗಾರ ಕೊಟ್ಟಬಿಡ್ರಿ."

ಸೋಮಪ್ಪ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಳಿತ. ಗುರವ್ವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮನೆಗೆ ಬಂದು ಹೋಳಿಗೆ ಮಾಡಿದಳು. ಅವನು ಮುಟ್ಟಲಿಲ್ಲ.

ಮುಂದಿನ ಮಂಗಳವಾರ ಬೆಳಗ್ಗೆಯೇ ರಾಯಪ್ಪ ಗಿರಾಕಿಯನ್ನು ಮನೆಗೆ ಕರೆತಂದ. ರಾಮದುರ್ಗದ ಶೈಲಜಾ, ಸಾಲೆಯಲ್ಲಿ ಕಲಿಸುವ ಬಾಯಾರು, ಊರು ನೋಡುವ ಹುಚ್ಚು ಇದ್ದವರು. ಬೇರೆ ಎಂಜಿನ್ ಕೂರಿಸಿಕೊಂಡು ಓಡಿಸುತ್ತಾರಂತೆ. ಅವರು ಒಳಹೊಕ್ಕು, ಮಂಚದ ಮೇಲೆ ಕುಳಿತು, ಪರದೆ ಸರಿಸಿ, "ಎಷ್ಟ ಛಂದ ಇಟ್ಟೀರಿ!" ಎಂದರು. ಸೋಮಪ್ಪನ ಮುಖ ಅರಳಿತು. ಗೇರು ಹೀಗೆ ಹಾಕಬೇಕು, ಬಾಗಿಲು ಹಾಗೆ ಎಳೆಯಬೇಕು, ಹೇಳಿದ್ದೇ ಹೇಳಿದ್ದು. ಗುರವ್ವನೊಡನೆ ಅಷ್ಟು ಮಾತನ್ನು ಅವನು ಮದುವೆಯ ಹೊಸತರಲ್ಲೂ ಆಡಿರಲಿಲ್ಲ. ಆ ಮಂಚದ ಮೇಲೆ ಅವಳು ಒಮ್ಮೆಯೂ ಕುಳಿತಿರಲಿಲ್ಲ.

ಕೊನೆಗೆ ಅವನು ಸೀಟಿನ ಕೆಳಗಿಂದ ಇಳಕಲ್ ಸೆರಗು ತೆಗೆದು ಮಡಚಿ, ಶೈಲಜಾ ಅವರ ಕೈಗಿಟ್ಟ.

"ಗಾಜು ಇದರಿಂದಷ್ಟ ಒರಸ್ರೀ ಬಾಯಾರ. ಬ್ಯಾರೆ ಅರಬಿ ಹಾಕಿದ್ರ ಗೀರ ಬೀಳತೈತಿ."

ಸವತಿಯನ್ನು ಓಡಿಸಲು ಹೋಗಿ ತವರಿನ ಸೆರಗನ್ನೂ ಇನ್ನೊಬ್ಬಳ ಕೈಗೆ ಕೊಡುವುದೇ! ಗುರವ್ವ ಓಡಿಬಂದು ಅದನ್ನು ಕಸಿದುಕೊಂಡಳು.

"ಹೊಗಿ ದಿನಾ ಬರೂದಿಲ್ಲ! ಮಂಗಳವಾರಷ್ಟ ಬರತೈತಿ. ಏರ ಹತ್ತುವಾಗ ಒಂದೀಟೂ ಇಲ್ಲ. ಬೇಕಾದ್ರ ಚಾಲೂ ಮಾಡಿ ನೋಡ್ರಿ, ನಿನ್ನಿ ಸೋಮವಾರ ನಿಂತಿತ್ತ."

ರಾಯಪ್ಪ ಕೀಲಿ ತಿರುಗಿಸಿದ. ರಂಗೋಲಿಯ ಮೇಲೆ ನೀಲಿ ಹೊಗೆ ಬುಸ್ಸೆಂದಿತು. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಏರು ಹತ್ತಿಸಿ ಇಳಿಸಿದ. ಹೊಗೆಯಿಲ್ಲ.

"ಅಯ್ಯ, ರಿಂಗ್ ಗಟ್ಟಿ ಅದಾವ್ರಿ!" ಎಂದ. "ವಾಲ್ವ್ ಓಡಾಡೋ ಗೈಡ್ ಸವದಾವ. ಗಾಡಿ ನಿಂತಾಗ ಆಯಿಲ್ ಅಲ್ಲಿಂದ ಹನಿಹನಿ ಒಳಗ ಇಳೀತೈತಿ, ಚಾಲೂ ಮಾಡಿದ ಕೂಡ್ಲೆ ಸುಟ್ಟ ಹೊಗಿ ಆಗತೈತಿ. ಮ್ಯಾಲಿನ ಹೆಡ್ ಅಷ್ಟ ಬಿಚ್ಚಿದ್ರ ಸಾಕು. ಗೈಡ್ ನಾ ಲೇಥಿನ್ಯಾಗ ಮಾಡಸ್ತೇನಿ."

ಶೈಲಜಾ ನಕ್ಕು, ಚಹಾ ಕುಡಿದು ಹೊರಟರು. ಸೋಮಪ್ಪ ಹೆಂಡತಿಯನ್ನೇ ನೋಡಿದ.

"ಮತ್ತ ಅವತ್ತ ಯಾಕ ಹಂಗಂದಿ?"

"ಹೊಟ್ಟಿಕಿಚ್ಚು," ಅಂದಳು ಗುರವ್ವ. "ಅದಕ್ಕ ಸೋಮವಾರ ಸೂಟಿ ಐತಿ. ನನಗ?"



ವಾರದೊಳಗೆ ವ್ಯಾನು ರಿಪೇರಿಯಾಗಿ ಬಂದು ಬೇವಿನ ಕೆಳಗೆ ನಿಂತಿತು. ಸೋಮವಾರ ಬೆಳಗ್ಗೆ ಸೋಮಪ್ಪ ಎದ್ದು ನೋಡಿದರೆ ಒಲೆ ಹಚ್ಚಿರಲಿಲ್ಲ, ಗುರವ್ವ ಎಲ್ಲೂ ಇಲ್ಲ. ವ್ಯಾನಿನ ಪರದೆ ಎಳೆದಿತ್ತು. ಒಳಗೆ ಮಂಚದ ಮೇಲೆ ಅವಳು ಕಾಲು ಚಾಚಿ ಮಲಗಿದ್ದಳು, ಹಣೆಗೆ ವಿಭೂತಿ.

ಹೊರಗೆ ಅವನು ವ್ಯಾನಿಗೆ ಕೈ ಆನಿಸಿದ್ದು ಅವಳಿಗೆ ಕೇಳಿಸಿತು.

"ಆರಾಮ ಅದಿ ಇಲ್ಲ?"

ಗುರವ್ವ ದಡಕ್ಕನೆ ಎದ್ದು ಕುಳಿತಳು. "ಯಾರನ್ನ ಕೇಳಿದ್ರಿ?"

ಹೆಜ್ಜೆ ಸಪ್ಪಳ ಅಡುಗೆಮನೆಗೆ ಹೋಯಿತು, ಚಹಾದ ಪಾತ್ರೆ ಸದ್ದಾಯಿತು.

"ಸಕ್ರಿ ಡಬ್ಬಿ ಎಲ್ಲೈತಿ?" ಎಂದು ಅಲ್ಲಿಂದಲೇ ಕೂಗಿದ ಸೋಮಪ್ಪ.