ವರ್ನೆಲ್‌ಗೆ ಹಾಕಿದ ಕುರ್ಚಿ

ಆ ಭಾನುವಾರ ಮಧ್ಯಾಹ್ನ ಡೆಟ್ರಾಯಿಟ್‌ನ ನಮ್ಮ ಚರ್ಚಿನ ಸಭಾಂಗಣದಲ್ಲಿ ಗಾಯಕಿ ವರ್ನೆಲ್ ಟಿಪ್ಟನ್‌ಗೆ ಸನ್ಮಾನ. ವೇದಿಕೆಯ ನಡುವೆ ಮಖಮಲ್ಲಿನ ಕುರ್ಚಿ, ಸುತ್ತ ಗುಲಾಬಿ. ಥೇಟ್ ಶವಪೆಟ್ಟಿಗೆಯ ಅಲಂಕಾರ. ನನಗಂತೂ ಮೈಯೆಲ್ಲ ಉರಿಯಿತು.

ಇದೇ ಚರ್ಚಿನಲ್ಲಿ ಹಾಡು ಕಲಿತ ಹುಡುಗಿ ಸೋಲ್ ಸಂಗೀತ ಹಾಡಿ ರೇಡಿಯೋ ಗೆದ್ದಳು, ಜಾಝ್ ಹಾಡಿ ಪ್ಯಾರಿಸ್ ಗೆದ್ದಳು. ಅಷ್ಟೂ ಕಾಲ ಪಿಯಾನೋ ನುಡಿಸಿದವನು ನಾನು, ಅಲಾಂಜೊ. ಅವಳಿಗೆ ಹೆಸರು ತಂದ ಹಾಡಿನ ಕೊನೆಗೆ ಒಂದು ತಾರಸ್ವರವಿತ್ತು. ಅದನ್ನು ಕೇಳಲೆಂದೇ ಜನ ಬರುತ್ತಿದ್ದರು. ಹೋದ ವರ್ಷ ಗಂಟಲಿನ ಆಪರೇಷನ್ ಆ ಸ್ವರವನ್ನು ಕಿತ್ತುಕೊಂಡಿತು. ಉಳಿದದ್ದು ಗಂಡಸಿನಂಥ ಒರಟು ದನಿ.

"ಹಾಡೋಕೆ ಬೇರೆ ಹುಡುಗೀನ ಕರೆಸಿದೀನಿ. ನೀನು ಸುಮ್ನೆ ಕೂತ್ಕೊ ಅಕ್ಕಾ," ಎಂದಳು ಸನ್ಮಾನ ಏರ್ಪಡಿಸಿದ್ದ ತಂಗಿ ಅರ್ಲೀನ್. "ಜನಕ್ಕೆ ನಿನ್ನ ಹಳೇ ದನೀನೇ ನೆನಪಿರಲಿ."

"ನೆನಪು ಮಾಡ್ಕೊಳ್ಳೋಕೆ ನಾನೇನು ಸತ್ತೋಗಿದೀನೇನೇ?" ವರ್ನೆಲ್ ನನ್ನತ್ತ ತಿರುಗಿದಳು. "ಅಲಾಂಜೊ, ಶ್ರುತಿ ಇಳಿಸು."

"ಎಷ್ಟು?"

"ಸಾಕು ಅನ್ನೋವರೆಗೂ."

"ಪಿಯಾನೋನೇ ಮುಗಿದೋಗತ್ತೆ ಮಾರಾಯ್ತಿ!"

"ಮುಗಿದ್ರೆ ನೆಲ ಕುಟ್ಟು."

ವೇದಿಕೆಗೆ ಹೋದವಳೇ ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದು, ನಿಂತೇ ಅದೇ ಹಾಡನ್ನು ಶುರು ಮಾಡಿದಳು. ಮೊದಲ ಸಾಲಿಗೇ ದನಿ ಒಡೆಯಿತು. ಯಾರಾದರೂ ಎಡವಿದರೆ ನಮ್ಮ ಚರ್ಚಿನವರು ಸುಮ್ಮನಿರುವವರಲ್ಲ, ಕೂತಲ್ಲಿಂದಲೇ ಕೂಗಿ ಧೈರ್ಯ ಹೇಳುತ್ತಾರೆ.

"ನಿಧಾನ ಕಣಮ್ಮಾ!"

"ಕೈ ಹಿಡಿಯಪ್ಪಾ ದೇವರೇ!"

ಪ್ರೀತಿಯ ಮಾತೇ, ಆದರೆ ಅದರಲ್ಲಿ ಕನಿಕರವೂ ಇತ್ತು. ವರ್ನೆಲ್ ಹಲ್ಲು ಕಚ್ಚಿದಳು. ಎರಡನೇ ಚರಣಕ್ಕೆ ದನಿ ತಳದಲ್ಲಿ ಕಾಲೂರಿತು. ಕೂಗುಗಳು ನಿಂತವು. ಹಿಂದುಗಡೆ ಕರಿದ ಮೀನು ಬಡಿಸುತ್ತಿದ್ದವರೂ ಕೈ ತಡೆದರು.

ಕೊನೆಯ ಸಾಲು ಬಂತು. ಆ ಸ್ವರದ ಜಾಗ ಎಲ್ಲರಿಗೂ ಬಾಯಿಪಾಠ. ಅವಳ ಪರವಾಗಿ ತಾವೇ ಹಾಡಿಬಿಡೋಣವೆಂದು ಮುಂದಿನ ಸಾಲಿನ ದೊಡ್ಡ ಟೋಪಿಯ ಹೆಂಗಸರು ಎದ್ದು ನಿಂತರು. ಎಲ್ಲರಿಗಿಂತ ಮೊದಲು ಬಾಯಿ ತೆರೆದವಳು ಅರ್ಲೀನ್.

ವರ್ನೆಲ್ ಕೈಯೆತ್ತಿ ತಡೆದಳು. "ಕೂತ್ಕೊಳ್ರಮ್ಮಾ. ಅದು ನನ್ನ ಜಾಗ."

ಹೆಂಗಸರು ಕೂತರು. ನಾನೂ ಪಿಯಾನೋ ಮೇಲಿಂದ ಬೆರಳು ಎತ್ತಿಬಿಟ್ಟೆ. ಹಿಂದೆ ಮೇಲೇರುತ್ತಿದ್ದ ಆ ಜಾಗದಿಂದ ಅವಳು ಕೆಳಕ್ಕೆ ಇಳಿಯತೊಡಗಿದಳು. ಅವಸರವಿಲ್ಲ, ಅಂಜಿಕೆಯಿಲ್ಲ. ಯಾವ ಹೆಂಗಸಿನ ಕೊರಳಲ್ಲೂ ನಾನು ಕೇಳಿರದ ಆಳಕ್ಕೆ ಹೋಗಿ, ಉಸಿರಿರುವಷ್ಟು ಹೊತ್ತು ಅಲ್ಲೇ ನಿಂತಳು. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಚಪ್ಪಾಳೆಯ ನಡುವೆ ಅರ್ಲೀನ್ ಕಣ್ಣೊರೆಸಿಕೊಳ್ಳುತ್ತ ವೇದಿಕೆ ಹತ್ತಿದಳು. ಅಕ್ಕನ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಕುರ್ಚಿಯನ್ನು ತಾನೇ ದರದರ ಎಳೆದು ಹೊರಗಿಟ್ಟಳು.

"ಮುಂದಿನ ಹಾಡು ಯಾವ್ದಕ್ಕಾ?" ಎಂದಳು.