ಬೆನ್ನ ಮೇಲಿನ ಕೈ

ನನ್ನ ತಂಗಿಯ ಫಿಸಿಯೋಥೆರಪಿ ಕ್ಲಿನಿಕ್ಕು ಮೊದಲು ಗಡಿಯಾರ ರಿಪೇರಿ ಅಂಗಡಿಯಾಗಿತ್ತು. ಗಡಿಯಾರಗಳು ಹೋಗಿ ಮೊಳೆಗಳು ಗೋಡೆಯ ತುಂಬ ಹಾಗೇ ಉಳಿದಿದ್ದವು. ಅವಕ್ಕೇ ರಬ್ಬರ್ ಪಟ್ಟಿ, ರಾಟೆಯ ಹಗ್ಗ, ರೋಗಿಗಳ ಅಂಗಿಗಳನ್ನು ತೂಗುಹಾಕಿ ಇಪ್ಪತ್ತೆರಡು ವರ್ಷ ಕಳೆದಳು. ಎರಡು ಮಂಚ, ನಡುವೆ ಒಂದು ಹಸಿರು ಪರದೆ, ಮೂಲೆಯಲ್ಲಿ ನೋಯುವ ಕೈಗಳನ್ನು ಅದ್ದಲು ಬಿಸಿ ಮೇಣದ ಪಾತ್ರೆ. ಈಗಲೂ ಎಲ್ಲಾದರೂ ಮೇಣ ಕರಗಿದ ವಾಸನೆ ಬಂದರೆ ನನ್ನ ಮಂಡಿ ನೋಯುವುದನ್ನು ಮರೆಯುತ್ತದೆ.

ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ನಾನು ನಿವೃತ್ತನಾದ ಮೇಲೆ ಅಲ್ಲಿನ ಮುಂದಿನ ಕೋಣೆಯ ಮೇಜಿಗೆ ಬಂದು ಕೂತೆ. ಸರದಿ ಚೀಟಿ ಬರೆದುಕೊಡುವುದು, ಟವೆಲ್ ಒಣಹಾಕುವುದು ನನ್ನ ಕೆಲಸ. ಆ ಪರದೆ ಕಣ್ಣನ್ನು ತಡೆಯುತ್ತಿತ್ತೇ ಹೊರತು ಕಿವಿಯನ್ನಲ್ಲ. ಈ ಮಂಚದ ಸೊಂಟನೋವು ಆ ಮಂಚದ ಕುತ್ತಿಗೆನೋವಿಗೆ ಬಾಡಿಗೆ ಮನೆ ಹುಡುಕಿಕೊಟ್ಟದ್ದೂ ಉಂಟು, ಆಮೇಲೆ ಇಬ್ಬರೂ ಅದೇ ವಿಷಯಕ್ಕೆ ಮಾತು ಬಿಟ್ಟದ್ದೂ ಉಂಟು. ಈಗಿನ ಕ್ಲಿನಿಕ್ಕುಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆಯಂತೆ. ಪಾಪ, ಅಲ್ಲಿ ಯಾರ ನರಳಾಟವೂ ಯಾರಿಗೂ ಕೇಳುವುದಿಲ್ಲ.

ಎಲ್ಲರೂ ಬರುತ್ತಿದ್ದದ್ದು ತಂಗಿಯ ಹೆಬ್ಬೆರಳಿಗಾಗಿ. ಕೊನೆಗೆ ಆ ಹೆಬ್ಬೆರಳೇ ಹಟ ಹಿಡಿಯಿತು. ಬುಡದ ಕೀಲು ಸವೆದಿದೆ, ಹೀಗೇ ಒತ್ತುತ್ತಿದ್ದರೆ ವರ್ಷದೊಳಗೆ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ ಎಂದರು ಮೂಳೆ ಡಾಕ್ಟರು. ತಂಗಿ ಇನ್ನೊಬ್ಬ ಥೆರಪಿಸ್ಟಳನ್ನು ಕೆಲಸಕ್ಕೆ ಸೇರಿಸಿಕೊಂಡಳು. ಆರು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಪಳಗಿದವಳು, ಮಾತು ಕಡಿಮೆ. ಅವಳನ್ನು ಕಂಡ ಕೂಡಲೇ ರೋಗಿಗಳು, “ಡಾಕ್ಟ್ರಮ್ಮಂಗೇ ಬಿಡುವಾಗಲಿ, ಪರವಾಗಿಲ್ಲ, ಕಾಯ್ತೀವಿ” ಎನ್ನುವರು. ಸ್ವಲ್ಪ ಹೊತ್ತು ಕೂತು ಎದ್ದುಹೋಗುವರು. ಹೊಸಬಳ ಕೈಯನ್ನು ಜನ ಒಪ್ಪದಿದ್ದರೆ ಬಾಗಿಲು ಹಾಕುವುದೇ ಸೈ ಎಂದು ತಂಗಿ ನನ್ನೊಬ್ಬನ ಹತ್ತಿರ ಹೇಳಿದ್ದಳು.

ಆಮೇಲೆ ಹೂಡಿದ ಉಪಾಯವನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಬಸ್ ಓಡಿಸಿ ಓಡಿಸಿ ಸೊಂಟ ಕಳೆದುಕೊಂಡಿದ್ದ ಹಳೇ ರೋಗಿ, ನಮ್ಮೆಲ್ಲರ ಬಾಯಲ್ಲಿ ಡ್ರೈವರ್ ಮಾವ, ಒಂದು ದಿನ ಬೋರಲು ಮಲಗಿ, ಮಂಚದ ತೂತಿನಲ್ಲಿ ಮುಖ ಇಟ್ಟಿದ್ದರು. ಹಾಗೆ ಮಲಗಿದವರಿಗೆ ಕಾಣುವುದು ಗೇಣಗಲ ನೆಲ ಮಾತ್ರ. ಒತ್ತುತ್ತಿದ್ದಂತೆ ತಂಗಿಯ ಬೆರಳು ಹಿಡಿದುಕೊಂಡಿತು. ಅವಳು ಕಣ್ಣಲ್ಲೇ ಹೊಸಬಳನ್ನು ಕರೆದಳು. ಕೈ ಬದಲಾಯಿತು, ಮಾತು ತಂಗಿಯದೇ ಮುಂದುವರಿಯಿತು.

“ಆಹಾ, ಅಲ್ಲೇ ಅಲ್ಲೇ! ಇವತ್ತು ನಿಮ್ಮ ಕೈ ಭಾರಿ ಹದವಾಗಿದೆ ನೋಡಿ,” ಎಂದರು ಮಾವ.

ತಂಗಿ ತುಟಿ ಕಚ್ಚಿಕೊಂಡಳು.

ಅಂದಿನಿಂದ ಅದೇ ಪದ್ಧತಿಯಾಯಿತು. ತಂಗಿ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಮಾತಾಡುವುದು, ಹೊಸಬಳು ಉಸಿರೆತ್ತದೆ ಒತ್ತುವುದು. ಹೊಗಳಿಕೆ ಒಬ್ಬರಿಗೆ, ಬೆವರು ಇನ್ನೊಬ್ಬರಿಗೆ. ಎಷ್ಟೋ ಸಂಸಾರಗಳು ನಡೆಯುವುದೇ ಹೀಗೆ ಎಂದುಕೊಂಡು ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಮೂರು ತಿಂಗಳು ಸಾಗಿತು. ಒಂದು ಬೆಳಗ್ಗೆ ನಾನು ಹಿಂದುಗಡೆ ಟವೆಲ್ ಒಣಹಾಕುತ್ತಿದ್ದಾಗ ಮುಂದಿನ ಕೋಣೆಯ ಫೋನು ಬಡಿದುಕೊಂಡಿತು. ತಂಗಿ ಅಭ್ಯಾಸಬಲದಿಂದ ಎದ್ದುಹೋಗಿ, “ಹಲೋ, ಹೌದು, ನಾನೇ ಮಾತಾಡ್ತಿರೋದು” ಎಂದಳು.

ಮಂಚದ ತೂತಿನೊಳಗಿಂದ ಮಾವನ ದನಿ ಬಂತು: “ಡಾಕ್ಟ್ರಮ್ಮ, ನೀವು ಅಲ್ಲಿ. ಹಾಗಾದ್ರೆ ಇಲ್ಲಿರೋದು ಯಾರು?”

ಪಕ್ಕದ ಮಂಚದಲ್ಲಿದ್ದ ಟೈಲರಮ್ಮ ಕಿಸಕ್ಕನೆ ನಕ್ಕರು. ಮಾವ ನಗಲಿಲ್ಲ. ಎದ್ದು ಕೂತರು. ನಾನು ಟವೆಲ್ ಹಿಡಿದುಕೊಂಡೇ ಒಳಗೆ ಬಂದೆ.

“ಕನ್ನಡಿ ನೋಡದೆ ಒಂದು ದಿನಾನೂ ಗಾಡಿ ರಿವರ್ಸ್ ತೆಗೆದವನಲ್ಲ ನಾನು. ಇಲ್ಲೊಂದು ಕಡೆ ಕಣ್ಮುಚ್ಚಿ ಬೆನ್ನು ಕೊಟ್ಟಿದ್ದೆ.”

“ತಪ್ಪಾಯ್ತು ಮಾವ.” ತಂಗಿ ಫೋನಿಟ್ಟು ಬಂದು ಊದಿದ ಹೆಬ್ಬೆರಳನ್ನು ಮುಂದೆ ಹಿಡಿದಳು. “ಕೈ ಹೋಗಿದೆ ನಂದು. ಹೇಳಿದ್ರೆ ನೀವ್ಯಾರೂ ಬರಲ್ಲ ಅಂತ ಹೆದರ್ಕೊಂಡೆ. ಆದ್ರೆ ಇವಳ ಕೈ ನನ್ನ ಕೈಗಿಂತ ಒಂದು ತೂಕ ಜಾಸ್ತಿನೇ.”

“ಹೌದಾ? ಈ ಬೆರಳನ್ನ ಅವಳಿಗೆ ತೋರಿಸಿದೀರಾ?”

ತಂಗಿ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. ಮನೆಯಲ್ಲಿ ಬಿಸಿನೀರಿಗೆ ಅದ್ದಿ, ಎಡಗೈಯಿಂದ ತಾನೇ ಉಜ್ಜಿಕೊಳ್ಳುತ್ತಿದ್ದಳು. ಹೊಸಬಳು ಎರಡು ಸಲ ಕೇಳಿದಾಗಲೂ ‘ಆಮೇಲೆ ನೋಡೋಣ’ ಎಂದು ಜಾರಿಕೊಂಡಿದ್ದಳು.

“ನೀವೇ ನಂಬದ ಕೈಗೆ ನನ್ನ ಸೊಂಟ ಒಪ್ಪಿಸಿದ್ರಲ್ಲ,” ಎಂದರು ಮಾವ. “ನನಗೆ ಬೇಜಾರಾಗಿದ್ದು ಅದಕ್ಕೆ.”

ಆಗ ಹೊಸಬಳು, ಆ ಕೋಣೆಯಲ್ಲಿ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ, “ಕೂತ್ಕೊಳ್ಳಿ ಮೇಡಂ” ಎಂದಳು.

“ಕೂತ್ಕೊಳ್ಳೇ ತಾಯಿ,” ಎಂದರು ಪರದೆಯಾಚೆಯಿಂದ ಟೈಲರಮ್ಮ. “ನೋವು ಮುಚ್ಚಿಡಬೇಡಿ ಅಂತ ನಮಗೆ ದಿನಾ ಬೈತೀಯ.”

ತಂಗಿ ಮಂಚದ ಅಂಚಿಗೆ ಕೂತಳು. ಇಷ್ಟು ವರ್ಷದಲ್ಲಿ ರೋಗಿಯ ಜಾಗದಲ್ಲಿ ಅವಳನ್ನು ನಾನು ನೋಡಿದ್ದು ಅದೇ ಮೊದಲು. ಕೈ ಕೊಟ್ಟಳು, ಬಾಯಿ ಬಿಟ್ಟುಕೊಡಲಿಲ್ಲ. “ಅಲ್ಲಲ್ಲ, ಸ್ವಲ್ಪ ಮೇಲೆ. ಅಷ್ಟು ಒತ್ತಬಾರದು, ಮೊದಲು ಎಳೀಬೇಕು...”

“ಮಾತಾಡ್ಬೇಡಿ. ಸಡಿಲ ಬಿಡಿ.”

ತಂಗಿ ಗಕ್ಕನೆ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಕಿವಿಯವರೆಗೆ ಏರಿದ್ದ ಅವಳ ಹೆಗಲು ನಿಧಾನವಾಗಿ ಇಳಿಯಿತು. ಚಿಕ್ಕವಳಿದ್ದಾಗ ಜ್ವರ ಬಿಟ್ಟ ಮೇಲೆ ಹೀಗೇ ಕಣ್ಣು ಮುಚ್ಚುತ್ತಿದ್ದಳು. ಮಾವ ಹೊಸ ಡ್ರೈವರಿನ ಪಕ್ಕ ಕೂತ ಹಳೇ ಡ್ರೈವರಿನಂತೆ ಆ ಬೆರಳುಗಳನ್ನೇ ನೋಡುತ್ತಿದ್ದರು.

“ನನ್ನ ಸೊಂಟ ಅರ್ಧಕ್ಕೆ ನಿಂತಿದೆ,” ಎಂದರು ಕೊನೆಗೆ. “ಇವರದು ಮುಗಿಸಿ ಬಾಮ್ಮ.”

“ಹತ್ತು ನಿಮಿಷ ಆಗುತ್ತೆ,” ಎಂದಳು ಅವಳು, ತಲೆಯೆತ್ತದೆ.

ಮಾವ ಬೆಂಚಿನ ಮೇಲೆ ಕೂತು ಕಾದರು.