ಕಲ್ಲವ್ವನ ‘ಹೋ’

ನಾನೊಂದು ಬೇಸ್‌ಬಾಲ್ ಚೆಂಡು. ಕ್ರಿಕೆಟ್ ಚೆಂಡಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ನಾಡಿನಲ್ಲಿ ನನ್ನನ್ನು ಕಂಡವರೆಲ್ಲ ‘ಇದಕ್ಕೆ ಬಣ್ಣ ಹಚ್ಚುವುದು ಮರೆತರೇ?’ ಎಂದೇ ಕೇಳಿದ್ದಾರೆ. ಹುಟ್ಟಿದ್ದು ಮೀರತ್ತಿನ ಒಂದು ಇಕ್ಕಟ್ಟಾದ ಓಣಿಯಲ್ಲಿ. ಬಿರಡೆಯ ಗುಂಡಿಗೆ ಉಣ್ಣೆಯ ದಾರ ಸುತ್ತಿ, ಬಿಳಿ ಚರ್ಮ ಹೊದಿಸಿ, ಕೆಂಪು ದಾರದಲ್ಲಿ ನನ್ನನ್ನು ಹೊಲಿದವಳು ಒಬ್ಬ ತಾಯಿ. ಹೊಲಿಯುತ್ತಲೇ ಮಕ್ಕಳನ್ನು ಗದರುತ್ತಿದ್ದಳು. ಆ ಗದರಿಕೆ ಕೇಳಿಯೇ ನಾನು ಗಟ್ಟಿಯಾದೆ ಎಂದು ಕಾಣುತ್ತದೆ.

ರೈಲು, ಲಾರಿ, ಅಂಗಡಿ ಎಂದು ಕೈಯಿಂದ ಕೈಗೆ ದಾಟಿ ಗದಗ ಸೀಮೆಯ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಬಂದು ಬಿದ್ದೆ. ಅಲ್ಲಿ ನನ್ನನ್ನು ಎಸೆಯುವವಳು ಪರವೀನ. ಅವಳ ಅಂಗೈ ಒರಟು, ಮನಸ್ಸು ಮಾತ್ರ ಬೆಣ್ಣೆ. ಒಂದು ಎಸೆತ ಸೊಟ್ಟ ಹೋದರೂ ಕಣ್ಣಲ್ಲಿ ನೀರು. ಅದಕ್ಕೆ ಕಾರಣ ಕಲ್ಲವ್ವ.

ಕಲ್ಲವ್ವ ಮೈದಾನದ ಹಿಂದಿನ ಓಣಿಯ ಮುದುಕಿ. ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಎಲೆ ಅಡಿಕೆ ಬಾಯಿಗೆ ಹಾಕಿ ಕೂರುವಳು. ಯಾರಾದರೂ ತಪ್ಪಿದರೆ ಸಾಕು, ಎರಡೂ ಕೈ ಬಾಯಿಗೆ ಒಡ್ಡಿ ‘ಹೋ...’ ಎಂದು ಕೂಗುವಳು. ನಮ್ಮ ತಂಡ, ಎದುರು ತಂಡ ಎಂಬ ಭೇದವಿಲ್ಲ. ಅಂಪೈರನನ್ನೂ ಬಿಟ್ಟವಳಲ್ಲ. “ಗೆರಿ ದಾಟಿ ಒಳಗ ಬಂದವ್ರಿಗೆಲ್ಲಾ ನನ್ನ ಹೋ ಐತಿ” ಎನ್ನುತ್ತಿದ್ದಳು.

ಆ ವರ್ಷ ಜಿಲ್ಲಾ ಫೈನಲ್‌ಗೆ ಮಂತ್ರಿಗಳೇ ಮುಖ್ಯ ಅತಿಥಿ. ಮೊದಲ ಚೆಂಡು ಅತಿಥಿ ಹೊಡೆದ ಮೇಲೆಯೇ ಆಟ, ಅದು ನಮ್ಮ ಕಡೆಯ ಪದ್ಧತಿ. ಬೆಳಿಗ್ಗೆ ಬರಬೇಕಾದವರು ಬಂದದ್ದು ಮಟಮಟ ಮಧ್ಯಾಹ್ನಕ್ಕೆ. ಜನ ಬಿಸಿಲಲ್ಲಿ ಹಪ್ಪಳವಾಗಿದ್ದರು. ನನಗೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದರು. ಬಲಿಯ ಕೋಳಿಗೂ ಇಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಪರವೀನ ಮೆಲ್ಲಗೆ ಎಸೆದಳು. ಮಂತ್ರಿಗಳು ಬೀಸಿದರು. ಗಾಳಿಗೆ ಚೆನ್ನಾಗಿ ಪೆಟ್ಟು ಬಿತ್ತು, ನನಗೆ ತಾಗಲೇ ಇಲ್ಲ. ವೇದಿಕೆಯವರು ಅದಕ್ಕೂ ಚಪ್ಪಾಳೆ ತಟ್ಟಿದರು! ಆಗ ಬೇವಿನ ಮರದ ಕೆಳಗಿಂದ ಬಂತು: “ಹೋ...!”

ಮಂತ್ರಿಗಳ ಸಹಾಯಕ ಕಣ್ಣು ಕೆಂಪಗೆ ಮಾಡಿ ಕೈ ಬೀಸಿದ. ಪೊಲೀಸಿನವನು ಓಡಿದ.

“ಏ ಮುದುಕಿ, ಏಳು. ಸಾಹೇಬ್ರಿಗೆ ಹಂಗ ಒದರತಾರೇನು?”

“ಸಾಹೇಬ್ರಿಗೆ ಎಲ್ಲಿ ಅಂದೆನೋ ತಮ್ಮಾ? ಚೆಂಡು ಬಿಟ್ಟಾಂವಗ ಅಂದೀನಿ.”

ಅವನು ಅವಳ ತೋಳು ಹಿಡಿದು ಗೇಟಿನ ಕಡೆ ನಡೆಸಿದ. ಕಲ್ಲವ್ವ ಬಲು ಅಭಿಮಾನದ ಹೆಂಗಸು. ಇವತ್ತು ಗೇಟು ದಾಟಿಸಿದರೆ ಇನ್ನೆಂದೂ ಈ ಮೈದಾನಕ್ಕೆ ಕಾಲಿಡುವವಳಲ್ಲ. ಪರವೀನಳಿಗೆ ಪೀಡೆ ತೊಲಗಿತು ಎಂದು ಖುಷಿಯಾಗಬಹುದು ಎಂದುಕೊಂಡೆ. ಆದರೆ ನಾನು ಮರಳಿ ಅವಳ ಕೈ ಸೇರಿದಾಗ ಅವಳು ನನ್ನನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತುಬಿಟ್ಟಳು.

“ಇನ್ನೊಂದು ಎಸಿಯವ್ವಾ” ಎಂದರು ಕೋಚು.

“ಇಲ್ರಿ ಸರ್. ಆಯಿ ವಾಪಸ್ ಬಂದು ಕುಂದರೂತನಕ ನಾ ಚೆಂಡು ಬಿಡಂಗಿಲ್ಲ.”

“ಅಕಿ ನಿನಗ ದಿನಾ ಹೋ ಅಂತಾಳಲ್ಲವಾ ಹುಚ್ಚಿ!”

“ನನಗ ಅಂದ್ರ ನಡೀತೈತಿ, ಅವ್ರಿಗೆ ಅಂದ್ರ ಯಾಕ ನಡಿಯಂಗಿಲ್ರಿ?”

ಅವಳು ಕೂಗಿಯೇ ಹೇಳಿದಳು. ಮೊದಲು ಒಂದು ಮೂಲೆಯಿಂದ ‘ಹೋ’ ಎದ್ದಿತು, ಆಮೇಲೆ ಇಡೀ ಮೈದಾನವೇ ‘ಹೋ’ ಎಂದಿತು. ಪಾಪ, ಪೊಲೀಸಿನವನು ಯಾರ ತೋಳೆಂದು ಹಿಡಿದಾನು? ಮಂತ್ರಿಗಳು ಬೆವರು ಒರೆಸಿಕೊಂಡು ಸುತ್ತ ನೋಡಿದರು. ಜನರ ನಾಡಿ ಬಲ್ಲವರು.

“ಏ, ಆ ಅವ್ವನ್ನ ಬಿಡ್ರೋ. ಚೆಂಡು ಬಿಟ್ಟಿದ್ದು ಖರೇನ ಅದ” ಎಂದರು.

ಕಲ್ಲವ್ವ ನಿಧಾನವಾಗಿ ಬಂದು, ಗೋಣಿಚೀಲ ಕೊಡವಿ ಹಾಸಿ ಕೂತಳು. ಆಮೇಲೆಯೇ ಪರವೀನ ನನ್ನನ್ನು ಬಿಟ್ಟಳು. ಈ ಸಲ ಪೆಟ್ಟು ಬಿತ್ತು, ಕುಂಕುಮ ಹಾರಿತು. ಆ ಸಂಭ್ರಮದಲ್ಲಿ ಮಂತ್ರಿಗಳು, ಹುಟ್ಟಾ ಕ್ರಿಕೆಟ್ಟಿನವರು, ಬ್ಯಾಟು ಹಿಡಿದುಕೊಂಡೇ ನೆಟ್ಟಗೆ ಪರವೀನಳ ಕಡೆಗೆ ಓಡಿದರು! ಬೇಸ್‌ಬಾಲಿನಲ್ಲಿ ಬ್ಯಾಟು ಕೆಳಗೆ ಬಿಟ್ಟು ಬಲಕ್ಕೆ ಓಡಬೇಕು. ಮತ್ತೆ ‘ಹೋ’ ಎದ್ದಿತು. ಈ ಸಲ ಮಂತ್ರಿಗಳೂ ಹೊಟ್ಟೆ ಹಿಡಿದು ನಕ್ಕರು.

ಆಟ ಶುರುವಾಯಿತು. ಪರವೀನಳ ಮೊದಲ ಎಸೆತವೇ ಸೊಟ್ಟ ಹೋಯಿತು. ಉಪಕಾರ ಗಿಪಕಾರ ಏನೂ ನೋಡದೆ ಕಲ್ಲವ್ವ ಗಂಟಲು ಹರಿಯುವಂತೆ ‘ಹೋ’ ಎಂದಳು. ಪರವೀನ ಆ ಕಡೆ ನೋಡಿ ನಕ್ಕುಬಿಟ್ಟಳು. ಪಂದ್ಯ ಸೋತೆವು, ಅದು ಬೇರೆ ಮಾತು.

ಈಗ ನನ್ನ ಹೊಲಿಗೆ ಬಿಚ್ಚಿದೆ. ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ಗ್ಲೌಸುಗಳ ನಡುವೆ ಮಲಗಿದ್ದೇನೆ. ಕಿಟಕಿಯಿಂದ ಮೈದಾನ ಕಾಣುವುದಿಲ್ಲ, ಕೇಳುತ್ತದೆ. ‘ಹೋ’ ಕೇಳಿಬಂದರೆ ಹಾಯಾಗಿ ನಿದ್ದೆ ಹೋಗುತ್ತೇನೆ. ಬರೀ ಚಪ್ಪಾಳೆಯೇ ಕೇಳಿಬಂದ ದಿನ ಮಾತ್ರ ಅನುಮಾನವಾಗುತ್ತದೆ: ಹೊರಗೆ ನಡೆಯುತ್ತಿರುವುದು ಆಟವೋ, ಸನ್ಮಾನವೋ?